ಟ್ರೈಲರ್ ಬೆಲೆಯಲ್ಲಿ ಎಷ್ಟು ಇಳಿಸಬಹುದು? ಭಾನುವಾರದೊಳಗೆ ಉತ್ತರ ಹೇಳಬೇಕಂತೆ

ತುಂಗಾತೀರ (ಷಾರ್ಲೆಟ್, ನಾರ್ತ್ ಕ್ಯಾರೊಲೈನಾ)

ಎಲ್ಲರಿಗೂ ನಮಸ್ಕಾರ. ಮುಂದಿನ ಬೇಸಿಗೆಗೆ ಶಿವಮೊಗ್ಗದಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ ಮಂಡಿನೋವು, ಅಮ್ಮನಿಗೆ ಹೋಟೆಲ್ ಊಟ ಒಗ್ಗುವುದಿಲ್ಲ. ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲವೂ ಜೊತೆಗೇ ಇದ್ದರೆ ಸ್ಮೋಕಿ ಮೌಂಟನ್ಸ್ ಕಡೆಗೆ ನಿಶ್ಚಿಂತೆಯಿಂದ ಕರೆದುಕೊಂಡು ಹೋಗಬಹುದು ಎಂದು ಹೊಸ ಟ್ರಾವೆಲ್ ಟ್ರೈಲರ್ ಹುಡುಕುತ್ತಿದ್ದೇವೆ. ಎಳೆಯಲು ‘ಅರ್ಧ ಟನ್’ ವರ್ಗದ ಪಿಕಪ್ ಟ್ರಕ್ ಇದೆ.

ಹತ್ತಿರದ ಡೀಲರ್ ಬಳಿ 28 ಅಡಿಯದೊಂದು ಇಷ್ಟವಾಯಿತು. ಎಂಎಸ್‌ಆರ್‌ಪಿ (ತಯಾರಕರು ಸೂಚಿಸುವ ಬೆಲೆ) 52,000 ಡಾಲರ್. ನಮಗೆ 44,900ಕ್ಕೆ ಕೊಡುತ್ತಾರಂತೆ. ಅದರ ಮೇಲೆ ಸಾಗಣೆಗೆ 1,495, ‘ಪ್ರೆಪ್’ ಎಂದು 1,295, ದಾಖಲೆ ಶುಲ್ಕ 699, ತೆರಿಗೆ ಬೇರೆ. 8,400 ಮತ್ತು ತೆರಿಗೆಯನ್ನು ಕೈಯಿಂದ ಕಟ್ಟಿದರೆ ಉಳಿದದ್ದು ತಿಂಗಳಿಗೆ ಬರೀ 360 ಡಾಲರ್ ಎನ್ನುತ್ತಾರೆ. ಈ ಬೆಲೆ ಭಾನುವಾರದವರೆಗೆ ಮಾತ್ರವಂತೆ. ಇದು ಒಳ್ಳೆಯ ವ್ಯಾಪಾರವೇ? ಇನ್ನೂ ಎಷ್ಟು ಇಳಿಸಿ ಕೇಳಬಹುದು?

ಗಾಲಿಮನೆ (ಕೊಲರಾಡೊ)

ಭಾನುವಾರದ ಗಡುವನ್ನು ಮೊದಲು ತಲೆಯಿಂದ ತೆಗೆದುಹಾಕಿ. ಅಕ್ಟೋಬರ್ ತಿಂಗಳಲ್ಲಿ ಟ್ರೈಲರ್ ಕೊಳ್ಳಲು ಯಾರೂ ಸಾಲುಗಟ್ಟಿ ನಿಂತಿಲ್ಲ. ಸೋಮವಾರ ಹೋದರೂ ಅದೇ ಬೆಲೆ ಇರುತ್ತದೆ, ತಿಂಗಳ ಕೊನೆಗೆ ಹೋದರೆ ಅದಕ್ಕಿಂತ ಕಡಿಮೆಯೇ ಇರುತ್ತದೆ.

ಈಗ ಬೆಲೆಯ ವಿಷಯ. ಕಾರಿನ ಎಂಎಸ್‌ಆರ್‌ಪಿ ಬೇರೆ, ಟ್ರೈಲರಿನ ಎಂಎಸ್‌ಆರ್‌ಪಿ ಬೇರೆ. ಇಲ್ಲಿ ಅದನ್ನು ರಿಯಾಯಿತಿ ತೋರಿಸುವುದಕ್ಕೆಂದೇ ಎತ್ತರದಲ್ಲಿ ಇಟ್ಟಿರುತ್ತಾರೆ. ಸಾಮಾನ್ಯ ಟ್ರಾವೆಲ್ ಟ್ರೈಲರುಗಳಿಗೆ 25ರಿಂದ 30 ಶೇಕಡಾ ಇಳಿಕೆ ದೊಡ್ಡ ಸಾಧನೆಯೇನಲ್ಲ. 52,000ಕ್ಕೆ ಲೆಕ್ಕ ಹಾಕಿದರೆ 36,400ರಿಂದ 39,000. ನಿಮಗೆ ಹೇಳಿರುವುದು 14 ಶೇಕಡಾ ಕೂಡ ಇಳಿದಿಲ್ಲ, ಅದರ ಮೇಲೆ ಸುಮಾರು 3,500 ಶುಲ್ಕದ ಹೆಸರಿನಲ್ಲಿ ಮತ್ತೆ ಏರಿಸಿದ್ದಾರೆ. ಎದ್ದು ಬನ್ನಿ.

ಲೆಕ್ಕಿಗ (ನ್ಯೂ ಜೆರ್ಸಿ)

‘ಬರೀ 360’ ಎಂಬ ಮಾತಿನ ಹಿಂದಿನ ಲೆಕ್ಕವನ್ನು ಯಾರಾದರೂ ಬಿಡಿಸಿ ಹೇಳಲೇಬೇಕು. ನಿಮ್ಮ ಒಟ್ಟು 48,389ರಲ್ಲಿ 8,400 ಕಳೆದರೆ ಸಾಲ ಸುಮಾರು 40,000. 360ರ ಕಂತು ಬರಬೇಕಾದರೆ 9 ಶೇಕಡಾ ಬಡ್ಡಿ, 20 ವರ್ಷದ ಅವಧಿ ಇರಬೇಕು. ಹೌದು, 20 ವರ್ಷ! ಆರ್‌ವಿ (ಗಾಲಿಗಳ ಮೇಲಿನ ಮನೆಯಂಥ ವಾಹನ) ಸಾಲಗಳನ್ನು ಅಷ್ಟು ಉದ್ದ ಎಳೆಯುತ್ತಾರೆ. ಕೊನೆಗೆ ನೀವು ಕಟ್ಟುವುದು 86,000ಕ್ಕೂ ಹೆಚ್ಚು. ಅದೇ ಸಾಲ 15 ವರ್ಷಕ್ಕಾದರೆ ಕಂತು 406, ಒಟ್ಟು 73,000. ತಿಂಗಳಿಗೆ 46 ಡಾಲರ್ ಹಗುರ ಮಾಡಿದ್ದೇವೆ ಎಂದು ತೋರಿಸಿ 13,000 ಹೆಚ್ಚಿಗೆ ವಸೂಲು ಮಾಡುವ ಏರ್ಪಾಡು ಇದು.

ಇನ್ನೊಂದು ವಿಷಯ. ಬ್ಯಾಂಕು ಡೀಲರ್‌ಗೆ ಒಂದು ಬಡ್ಡಿ ದರ ಹೇಳುತ್ತದೆ, ಡೀಲರ್ ಅದರ ಮೇಲೆ ಒಂದೋ ಎರಡೋ ಶೇಕಡಾ ಸೇರಿಸಿ ನಿಮಗೆ ಹೇಳಬಹುದು. ಆ ವ್ಯತ್ಯಾಸದಲ್ಲಿ ಅವನಿಗೆ ಪಾಲಿದೆ. 40,000ಕ್ಕೆ 15 ವರ್ಷದ ಅವಧಿಯಲ್ಲಿ 9ರ ಬದಲು 8 ಶೇಕಡಾ ಸಿಕ್ಕಿದರೆ 4,200 ಡಾಲರ್ ಉಳಿಯುತ್ತದೆ. ಆದ್ದರಿಂದ ನಿಮ್ಮ ಕ್ರೆಡಿಟ್ ಯೂನಿಯನ್‌ನಿಂದ (ಸದಸ್ಯರ ಸಹಕಾರಿ ಬ್ಯಾಂಕು) ಮೊದಲೇ ಸಾಲದ ಒಪ್ಪಿಗೆ ಪಡೆದು ಆ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಅವನು ಅದಕ್ಕಿಂತ ಕಡಿಮೆಗೆ ಕೊಟ್ಟರೆ ಸಂತೋಷವಾಗಿ ತೆಗೆದುಕೊಳ್ಳಿ.

ಬಯಲುಸೀಮೆ (ಡಲ್ಲಾಸ್)

‘ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?’ ಎಂದು ಕೇಳಿದರೆ ಉತ್ತರವನ್ನೇ ಕೊಡಬಾರದು. ‘ಔಟ್-ದ-ಡೋರ್ ಬೆಲೆ ಎಷ್ಟು?’ ಎಂಬ ಒಂದೇ ಪ್ರಶ್ನೆ ಕೇಳುತ್ತಿರಬೇಕು. ತೆರಿಗೆ, ಶುಲ್ಕ, ನೋಂದಣಿ ಎಲ್ಲವೂ ಸೇರಿದ ಒಂದು ಸಂಖ್ಯೆ, ಇಮೇಲಿನಲ್ಲಿ.

ಕಪಿಲಾ (ಇಂಡಿಯಾನಾ)

ನಾನು ಕೆಲವು ವರ್ಷ ಆರ್‌ವಿ ಡೀಲರ್ ಒಬ್ಬರ ಬಳಿ ಮಾರಾಟ ವಿಭಾಗದಲ್ಲಿ ಕೆಲಸ ಮಾಡಿದವನು. ಗಾಲಿಮನೆಯವರ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. 30 ಶೇಕಡಾ ಎಲ್ಲಕ್ಕೂ ಸಿಗುವುದಿಲ್ಲ. ದುಬಾರಿ ಬ್ರ್ಯಾಂಡ್ ಆದ ಏರ್‌ಸ್ಟ್ರೀಮ್‌ನಂಥದ್ದಕ್ಕೆ ಹಾಗೆ ಕೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಹೊಸದಾಗಿ ಬಂದ ಮಾಡೆಲ್‌ಗೂ ಕಷ್ಟ. ಅಂಗಳದಲ್ಲಿ ಬಹಳ ದಿನದಿಂದ ನಿಂತಿರುವ ಹಿಂದಿನ ಮಾಡೆಲ್ ವರ್ಷದ ಟ್ರೈಲರಿಗೆ 30ಕ್ಕಿಂತ ಹೆಚ್ಚೂ ಸಿಗಬಹುದು.

ಕಾರಣ ಇಷ್ಟೆ. ಅಂಗಳದಲ್ಲಿ ಕಾಣುವ ಟ್ರೈಲರುಗಳಲ್ಲಿ ಹೆಚ್ಚಿನವು ಡೀಲರನ ದುಡ್ಡಿನಲ್ಲಿ ತಂದವಲ್ಲ, ‘ಫ್ಲೋರ್‌ಪ್ಲಾನ್’ ಎಂಬ ಸಾಲದಲ್ಲಿ ತಂದವು. ನಿಂತಷ್ಟು ದಿನವೂ ಬಡ್ಡಿ ಓಡುತ್ತದೆ. ಹೆಚ್ಚು ದಿನ ನಿಂತರೆ ಅಸಲಿನಲ್ಲೂ ಒಂದಷ್ಟು ಕಟ್ಟು ಎಂದು ಸಾಲ ಕೊಟ್ಟವರು ಒತ್ತುತ್ತಾರೆ. ಆದ್ದರಿಂದ ‘ಇದು ನಿಮ್ಮ ಬಳಿಗೆ ಯಾವಾಗ ಬಂತು?’ ಎಂದು ಕೇಳಿ. ಒಳಗೆ ಅಂಟಿಸಿರುವ ಚೀಟಿಯಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ, ಅದನ್ನೂ ನೋಡಿ. ವರ್ಷ ದಾಟಿದ್ದರೆ ಮಾತಿನ ಬಲ ನಿಮ್ಮ ಕಡೆಗಿದೆ.

ಆದರೆ ಗಾಲಿಮನೆಯವರೇ, ‘ಎದ್ದು ಬನ್ನಿ’ ಎನ್ನುವಷ್ಟೇ ಮುಖ್ಯವಾದ ಇನ್ನೊಂದು ಮಾತನ್ನೂ ಹೇಳಬೇಕಿತ್ತು. ಹೊಸ ಟ್ರೈಲರ್ ಮೊದಲ ವರ್ಷ ಒಂದಲ್ಲ ಒಂದು ಸಲ ರಿಪೇರಿಗೆ ಹೋಗುತ್ತದೆ. ದೂರದ ಊರಿನಲ್ಲಿ ಎರಡು ಸಾವಿರ ಉಳಿಸಿ ಕೊಂಡವರು ವಾರಂಟಿ ಕೆಲಸಕ್ಕೆ ಊರಿನ ಡೀಲರ್ ಬಳಿಗೆ ಬಂದರೆ, ಅವನು ಮೊದಲು ತನ್ನ ಗಿರಾಕಿಗಳ ಕೆಲಸ ಮಾಡುತ್ತಾನೆ. ಬೇಸಿಗೆಯಲ್ಲಿ ವಾರಗಟ್ಟಲೆ ಕಾಯಿಸುವುದನ್ನು ಕಣ್ಣಾರೆ ಕಂಡಿದ್ದೇನೆ.

ಗಾಲಿಮನೆ

ಕಪಿಲಾ ಅವರೇ, ಊರಿನ ಡೀಲರ್ ಎಂಬ ಒಂದೇ ಕಾರಣಕ್ಕೆ ಆರೇಳು ಸಾವಿರ ಹೆಚ್ಚು ಕೊಡಬೇಕೆ? ಅಷ್ಟು ಹಣವಿದ್ದರೆ ಮನೆ ಬಾಗಿಲಿಗೇ ಬರುವ ಮೊಬೈಲ್ ಮೆಕ್ಯಾನಿಕ್‌ಗೆ ಕೊಟ್ಟು ಎಷ್ಟೋ ವರ್ಷ ದುರಸ್ತಿ ಮಾಡಿಸಬಹುದು. ಊರಿನಲ್ಲೇ ಕೊಂಡ ನನ್ನ ಸ್ನೇಹಿತರ ಟ್ರೈಲರ್ ಬೇಸಿಗೆ ಪೂರ್ತಿ ಡೀಲರನ ಅಂಗಳದಲ್ಲೇ ನಿಂತಿತ್ತು. ಕೊಂಡ ಮೇಲೆ ಎಲ್ಲರೂ ಒಂದೇ.

ಕಪಿಲಾ

ಆರೇಳು ಸಾವಿರ ಕೊಡಿ ಎಂದು ನಾನು ಹೇಳಲಿಲ್ಲ. ದೂರದವನ ಲಿಖಿತ ಬೆಲೆ ಹಿಡಿದು ಊರಿನವನ ಬಳಿ ಹೋಗಿ, ‘ಇದರ ಹತ್ತಿರಕ್ಕೆ ಬಂದರೆ ನಿಮ್ಮಲ್ಲೇ ಕೊಳ್ಳುತ್ತೇನೆ’ ಎನ್ನಿ. ಹೆಚ್ಚಿನವರು ಬರುತ್ತಾರೆ. ಬಾರದಿದ್ದರೆ ಆಗ ದೂರ ಹೋಗಿ.

ಹೇಮಾವತಿ (ಮಿಶಿಗನ್)

ಹೋಲಿಸಿ ನೋಡಲು ಒಂದು ಸುಲಭ ದಾರಿ ಇದೆ. ಅಮೆರಿಕದ ಆರ್‌ವಿಗಳಲ್ಲಿ ಬಹುಪಾಲು ತಯಾರಾಗುವುದು ಇಂಡಿಯಾನಾದ ಎಲ್ಕಾರ್ಟ್ ಸುತ್ತಮುತ್ತ. ಹೆಸರು ನೂರಿದ್ದರೂ ಒಡೆತನ ಕೆಲವರದೇ. ಜೇಕೋ, ಕೀಸ್ಟೋನ್, ಏರ್‌ಸ್ಟ್ರೀಮ್ ಮೂರೂ ಥಾರ್ ಕಂಪನಿಯ ಕೈಯಲ್ಲಿವೆ. ಫಾರೆಸ್ಟ್ ರಿವರ್ ಬರ್ಕ್‌ಶೈರ್ ಹ್ಯಾಥವೇಗೆ ಸೇರಿದ್ದು. ಗ್ರ್ಯಾಂಡ್ ಡಿಸೈನ್ ವಿನ್ನೆಬಾಗೊದ್ದು. ಫಾರೆಸ್ಟ್ ರಿವರ್ ತನ್ನ ರಾಕ್‌ವುಡ್ ಟ್ರೈಲರನ್ನೇ ಫ್ಲಾಗ್‌ಸ್ಟಾಫ್ ಎಂದೂ ಮಾರುತ್ತದೆ, ವೈಲ್ಡ್‌ವುಡ್ ಅನ್ನು ಸೇಲಂ ಎಂದೂ ಮಾರುತ್ತದೆ. ಒಂದೇ ಒಳವಿನ್ಯಾಸ, ಬೇರೆ ಸ್ಟಿಕ್ಕರ್, ಬೇರೆ ಡೀಲರ್. ‘ಈ ಮಾಡೆಲ್ ನಮ್ಮಲ್ಲಿ ಮಾತ್ರ’ ಎಂದು ಹೇಳಿದರೆ ಅದರ ಅವಳಿ ಯಾವ ಹೆಸರಿನಲ್ಲಿದೆ ಎಂದು ಹುಡುಕಿ ಅದರ ಬೆಲೆ ತೋರಿಸಿ.

ತುಂಗಾತೀರ

ಇಷ್ಟು ಬೇಗ ಇಷ್ಟೊಂದು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಲೆಕ್ಕಿಗ ಅವರೇ, ಕಾಗದ ತೆಗೆದು ನೋಡಿದೆ, ನೀವು ಹೇಳಿದಂತೆ 240 ಕಂತು ಎಂದೇ ಇದೆ. ಸಾಗಣೆ ಶುಲ್ಕ ಮಾತ್ರ ನ್ಯಾಯವಾದದ್ದಲ್ಲವೇ? ಇಂಡಿಯಾನಾದಿಂದ ಇಲ್ಲಿಗೆ ಯಾರೋ ಎಳೆದು ತಂದಿದ್ದಾರೆ.

ಬಯಲುಸೀಮೆ

ಎಳೆದು ತಂದದ್ದು ನಿಜ, ಡೀಲರ್ ಅದಕ್ಕೆ ದುಡ್ಡು ಕೊಟ್ಟದ್ದೂ ನಿಜ. ಆದರೆ ಅದು ಅವನ ಅಂಗಡಿಯ ಖರ್ಚು. ಬೆಲೆಯ ಮಾತು ಮುಗಿದ ಮೇಲೆ ತಂದು ಸೇರಿಸುವುದು ಸರಿಯಲ್ಲ. ‘ಪ್ರೆಪ್’ ಶುಲ್ಕವಂತೂ ಶುದ್ಧ ಅನ್ಯಾಯ. ಮಾರುವ ವಸ್ತುವನ್ನು ತೊಳೆದು, ಬ್ಯಾಟರಿ ಹಾಕಿ, ಪರೀಕ್ಷಿಸಿ ಕೊಡುವುದಕ್ಕೆ ಗಿರಾಕಿ 1,295 ಏಕೆ ಕೊಡಬೇಕು?

ಕಪಿಲಾ

ಶುಲ್ಕದ ಹೆಸರು ಹಿಡಿದು ಜಗಳವಾಡಿದರೆ ಸಮಯ ಹಾಳು. ದಾಖಲೆ ಶುಲ್ಕವನ್ನು ಡೀಲರುಗಳು ‘ಎಲ್ಲರಿಗೂ ಒಂದೇ, ಬಿಡಲಾಗುವುದಿಲ್ಲ’ ಎಂದೇ ಹೇಳುವುದು. ಕೆಲವು ರಾಜ್ಯಗಳಲ್ಲಿ ಅದಕ್ಕೆ ಕಾನೂನಿನ ಮಿತಿ ಇದೆ, ಕೆಲವೆಡೆ ಇಲ್ಲ. ಬಿಡದಿದ್ದರೆ ಬೇಡ, ಅಷ್ಟನ್ನೇ ಬೆಲೆಯಲ್ಲಿ ಇಳಿಸಿ ಎನ್ನಿ. ಕೊನೆಯ ಮೊತ್ತ ನಿಮ್ಮದಾಗಿದ್ದರೆ ಅದರೊಳಗಿನ ಸಾಲುಗಳಿಗೆ ಅವರು ಏನು ಹೆಸರು ಬೇಕಾದರೂ ಇಟ್ಟುಕೊಳ್ಳಲಿ.

ಮಲೆನಾಡಿಗ (ಸಿಯಾಟಲ್)

ಎಲ್ಲರೂ ಬೆಲೆಯ ಬಗ್ಗೆಯೇ ಮಾತಾಡುತ್ತಿದ್ದೀರಿ. ತುಂಗಾತೀರ ಅವರೇ, ನಿಮ್ಮ ಪಿಕಪ್ಪಿನ ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಹಳದಿ ಅಂಚಿನ ಚೀಟಿ ಇರುತ್ತದೆ. ಜನ ಮತ್ತು ಸಾಮಾನಿನ ತೂಕ ಇಷ್ಟು ಪೌಂಡ್ ಮೀರಬಾರದು ಎಂದು ಬರೆದಿರುತ್ತದೆ. ಎಷ್ಟಿದೆ? ಆ ಟ್ರೈಲರಿನ ಜಿವಿಡಬ್ಲ್ಯುಆರ್, ಅಂದರೆ ಸಾಮಾನು ತುಂಬಿದಾಗ ಇರಬಹುದಾದ ಗರಿಷ್ಠ ತೂಕ, ಎಷ್ಟು? ಪ್ರಯಾಣಿಸುವವರು ಎಷ್ಟು ಜನ?

ತುಂಗಾತೀರ

ಚೀಟಿಯಲ್ಲಿ 1,450 ಪೌಂಡ್. ಟ್ರೈಲರಿನದು 7,600. ನಾವು ಇಬ್ಬರು, ಮಗಳು, ಅಪ್ಪ, ಅಮ್ಮ, ಒಟ್ಟು ಐವರು. ಆದರೆ ಪಿಕಪ್ 9,000 ಪೌಂಡಿಗಿಂತ ಹೆಚ್ಚು ಎಳೆಯುತ್ತದೆ ಎಂದು ಪುಸ್ತಿಕೆಯಲ್ಲಿದೆ. ಡೀಲರ್ ಕೂಡ ‘ಆರಾಮವಾಗಿ ಎಳೆಯುತ್ತದೆ’ ಎಂದರು.

ಮಲೆನಾಡಿಗ

ಎಳೆಯುತ್ತದೆ, ಆದರೆ ಹೊರುವುದಿಲ್ಲ. ಟ್ರೈಲರಿನ ತೂಕದಲ್ಲಿ 10ರಿಂದ 15 ಶೇಕಡಾ ಕೊಕ್ಕೆಯ ಮೂಲಕ ಪಿಕಪ್ಪಿನ ಬೆನ್ನ ಮೇಲೆ ಕೂರುತ್ತದೆ. ಕೂರಲೇಬೇಕು, ಇಲ್ಲದಿದ್ದರೆ ಹೆದ್ದಾರಿಯಲ್ಲಿ ಟ್ರೈಲರ್ ಬಾಲದಂತೆ ಅತ್ತಿತ್ತ ಬೀಸುತ್ತದೆ. 13 ಶೇಕಡಾ ಹಿಡಿದರೂ 7,600ಕ್ಕೆ 988 ಪೌಂಡ್. 1,450ರಲ್ಲಿ ಅದನ್ನು ಕಳೆದರೆ ಉಳಿಯುವುದು 462. ತೂಕ ಹಂಚುವ ಹಿಚ್ (ಕೊಕ್ಕೆಯ ಜೋಡಣೆ) ಹಾಕಿದರೆ ಅದರ ಭಾರವೂ ಆ 462ರಲ್ಲೇ. ಐದು ಜನ ಅಷ್ಟರೊಳಗೆ ಬರುವುದಿಲ್ಲ, ಚಾಲಕನೂ ಆ ಲೆಕ್ಕದಲ್ಲೇ ಬರುತ್ತಾನೆ.

‘ಡ್ರೈ ವೆಯ್ಟ್’ ಕಡಿಮೆ ಇದೆ ಎಂದು ಡೀಲರ್ ಹೇಳಬಹುದು. ಅದು ನೀರು, ಬಟ್ಟೆ, ಪಾತ್ರೆ ಏನೂ ಇಲ್ಲದ ಖಾಲಿ ಪೆಟ್ಟಿಗೆಯ ತೂಕ. ಖಾಲಿ ಪೆಟ್ಟಿಗೆ ಎಳೆದುಕೊಂಡು ಯಾರೂ ಪ್ರವಾಸ ಹೋಗುವುದಿಲ್ಲ. ನೀವು ಹೋಗುತ್ತಿರುವುದು ಬೆಟ್ಟದ ರಸ್ತೆಗೆ, ವಯಸ್ಸಾದವರನ್ನು ಕೂರಿಸಿಕೊಂಡು. 28 ಅಡಿಯದನ್ನು 36,000ಕ್ಕೆ ಕೊಟ್ಟರೂ ನಿಮಗೆ ಬೇಡ. ಆ ಪಿಕಪ್ಪಿಗೆ 5,000 ಪೌಂಡ್ ಜಿವಿಡಬ್ಲ್ಯುಆರ್ ಆಸುಪಾಸಿನದನ್ನು ನೋಡಿ.

ಗಾಲಿಮನೆ

ಮಲೆನಾಡಿಗರ ಮಾತಿಗೆ ಪೂರ್ತಿ ಸಹಮತ. ಇದನ್ನು ಕೇಳದೆ ಬೆಲೆಯ ಲೆಕ್ಕ ಹಾಕಬಾರದಿತ್ತು.

ಡೆಟ್ರಾಯಿಟ್ ಅಕ್ಕ

ತಂಗಿ, ಹೊಸದೇ ಏಕೆ ಬೇಕು? ಹೊಸ ಆರ್‌ವಿ ಮೊದಲ ವರ್ಷದಲ್ಲೇ ಬೆಲೆಯ ಸುಮಾರು ಐದನೆಯ ಒಂದು ಪಾಲು ಕಳೆದುಕೊಳ್ಳುತ್ತದೆ. ಎರಡು ಮೂರು ವರ್ಷ ಹಳೆಯದನ್ನು ತೆಗೆದುಕೊಂಡರೆ ಆ ನಷ್ಟ ಮೊದಲಿನವರ ತಲೆಗೆ. ಮೊದಲು ಕೊಂಡವರೇ ಅದರ ಸಣ್ಣಪುಟ್ಟ ದೋಷಗಳನ್ನೂ ಸರಿಮಾಡಿಸಿರುತ್ತಾರೆ. ನಾವು ಹಳೆಯದನ್ನೇ ಕೊಂಡದ್ದು, ಚೆನ್ನಾಗಿದೆ.

ಹೇಮಾವತಿ

ಅಕ್ಕ, ಒಪ್ಪುತ್ತೇನೆ, ಆದರೆ 2021 ಮತ್ತು 2022ರವನ್ನು ಕೊಳ್ಳುವವರು ಎರಡು ಸಲ ನೋಡಬೇಕು. ಕೋವಿಡ್ ಸಮಯದಲ್ಲಿ ಎಲ್ಲರಿಗೂ ಆರ್‌ವಿ ಬೇಕಾಯಿತು. 2021ರಲ್ಲಿ ಕಾರ್ಖಾನೆಗಳಿಂದ ಹೊರಬಿದ್ದದ್ದು 6 ಲಕ್ಷಕ್ಕೂ ಹೆಚ್ಚು, 2023ರಲ್ಲಿ ಅದು ಸುಮಾರು 3.13 ಲಕ್ಷಕ್ಕೆ ಕುಸಿಯಿತು. ಆ ಅವಸರದಲ್ಲಿ ಜೋಡಿಸಿದವುಗಳ ಕೆಲಸದ ಬಗ್ಗೆ ದೂರುಗಳು ಬಹಳ. ಜೊತೆಗೆ ಆಗ ಪೂರ್ತಿ ಬೆಲೆ ಕೊಟ್ಟು ಉದ್ದದ ಸಾಲದಲ್ಲಿ ಕೊಂಡವರಿಗೆ ಈಗಲೂ ಟ್ರೈಲರಿನ ಬೆಲೆಗಿಂತ ಸಾಲವೇ ಹೆಚ್ಚು ಉಳಿದಿರಬಹುದು. ಅವರು ಬೆಲೆ ಇಳಿಸದಿದ್ದರೆ ಅದು ಜಿಪುಣತನವಲ್ಲ, ಇಳಿಸಿದಷ್ಟನ್ನೂ ಬ್ಯಾಂಕಿಗೆ ಕೈಯಿಂದ ಕಟ್ಟಬೇಕಾಗುತ್ತದೆ. ಖಾಸಗಿಯವರಿಂದ ಕೊಳ್ಳುವಾಗ ಸಾಲ ಇನ್ನೂ ಇದೆಯೇ ಎಂದು ಮೊದಲೇ ಕೇಳಿ. ಇದ್ದರೆ ಅವರ ಬ್ಯಾಂಕಿನಲ್ಲೇ ಕುಳಿತು ಹಣ ಕೊಟ್ಟು, ಟೈಟಲ್ (ಒಡೆತನದ ಪತ್ರ) ಕೈಗೆ ಬರುವ ಏರ್ಪಾಡು ಮಾಡಿಕೊಳ್ಳಿ.

ಹಳೇಬೇರು (ಫ್ಲಾರಿಡಾ)

ಹಳೆಯದರಲ್ಲಿ ನೋಡಬೇಕಾದದ್ದು ನೀರು, ನೀರು, ನೀರು. ಛಾವಣಿಯ ಅಂಚಿನ ಸೀಲಂಟ್ ಬಿರುಕು ಬಿಟ್ಟಿದೆಯೇ, ಹೊರಗೋಡೆ ಬೆಳಕಿಗೆ ಉಬ್ಬಿದಂತೆ ಕಾಣುತ್ತದೆಯೇ, ಕಿಟಕಿಯ ಕೆಳಗೆ ಒತ್ತಿದರೆ ಮೆತ್ತಗಿದೆಯೇ, ಸ್ನಾನದ ಜಾಗದಲ್ಲಿ ನೆಲ ಕುಗ್ಗುತ್ತದೆಯೇ. ಒಳಗೆ ಹೊಕ್ಕ ಕೂಡಲೇ ಸುಗಂಧದ ವಾಸನೆ ಬಲವಾಗಿ ಬಡಿದರೆ ಕೆಳಗೆ ಮುಗ್ಗುಲು ವಾಸನೆ ಇದೆಯೇ ಎಂದು ಅನುಮಾನಿಸಿ.

ಟೈರಿನ ಮೇಲೆ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಗೆರೆ ಚೆನ್ನಾಗಿದ್ದರೂ ಐದಾರು ವರ್ಷ ದಾಟಿದ ಟ್ರೈಲರ್ ಟೈರನ್ನು ನಂಬಬಾರದು. ಹೊಸ ಟೈರಿನ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ ಎಂದು ಕೇಳುವುದು ಪೂರ್ತಿ ನ್ಯಾಯ. ಪ್ರಮಾಣಪತ್ರ ಪಡೆದ ಆರ್‌ವಿ ಪರೀಕ್ಷಕರನ್ನು ಕರೆಸಿದರೆ ಕೆಲವು ನೂರು ಡಾಲರ್ ಆಗುತ್ತದೆ. ಅವರ ವರದಿಯನ್ನು ಮುಂದಿಟ್ಟು ಬೆಲೆ ಮಾತಾಡಿದರೆ ಮಾರುವವರು ಸುಮ್ಮನೆ ವಾದಿಸಲಾರರು.

ಕಬಿನಿ (ಮೈಸೂರು)

ವಿಷಯಾಂತರಕ್ಕೆ ಕ್ಷಮಿಸಿ. ನಮ್ಮಲ್ಲಿ ಟೆಂಪೊ ಟ್ರಾವೆಲರ್ ಕೊಂಡು ಒಳಗೆ ಹಾಸಿಗೆ, ಒಲೆ ಹಾಕಿಸಿಕೊಂಡರೆ ಆಗುವುದಿಲ್ಲವೇ? ಗ್ಯಾರೇಜಿನವರು ಎಲ್ಲ ಮಾಡಿಕೊಡುತ್ತೇವೆ ಎನ್ನುತ್ತಾರೆ.

ಲೆಕ್ಕಿಗ

ಕಬಿನಿಯವರೇ, ಎಚ್ಚರ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡ ಇದೆ. ಅದಕ್ಕೆ ಹೊಂದುವಂತೆ ಅನುಮೋದನೆ ಪಡೆದು ಮಾಡುವವರಲ್ಲೇ ಮಾಡಿಸಿ, ಆರ್‌ಸಿಯಲ್ಲಿ ಅದು ನಮೂದಾಗುವವರೆಗೆ ಪೂರ್ತಿ ಹಣ ಕೊಡಬೇಡಿ. ನೆರೆಯ ಕೇರಳ 2021ರಲ್ಲೇ ಕ್ಯಾರವಾನ್ ಪ್ರವಾಸೋದ್ಯಮಕ್ಕೆ ನೀತಿ ತಂದಿದೆ. ಕೊಳ್ಳುವ ಮೊದಲು ಅಲ್ಲಿ ಬಾಡಿಗೆಗೆ ತೆಗೆದುಕೊಂಡು ನೋಡಬಹುದು.

ಡೆಟ್ರಾಯಿಟ್ ಅಕ್ಕ

ಬಾಡಿಗೆಯ ಮಾತು ಇಲ್ಲಿಗೂ ಅನ್ವಯಿಸುತ್ತದೆ. ತಂಗಿ, ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತೆಗೆದುಕೊಂಡು ಹೋಗಿ ಬನ್ನಿ. ಅಪ್ಪನ ಮಂಡಿಗೆ ಆ ಮಡಚುವ ಮೆಟ್ಟಿಲು ಹತ್ತಲು ಆಗುತ್ತದೆಯೇ ಎಂಬುದನ್ನು ಯಾವ ಡೀಲರೂ ಹೇಳುವುದಿಲ್ಲ. ಮತ್ತೆ, ಒಗ್ಗರಣೆ ಹಾಕುವ ಮುಂಚೆ ಛಾವಣಿಯ ಫ್ಯಾನ್ ಹಚ್ಚಿ. ಹೊಗೆಯ ಅಲಾರಂ ಮೆಣಸಿನಕಾಯಿಯ ಘಾಟಿಗೇ ಕೂಗಿಕೊಳ್ಳುತ್ತದೆ.

ನಿತ್ಯಪಯಣ (ಸ್ಯಾನ್ ಹೋಸೆ)

ಇಷ್ಟೊಂದು ಹೆದರುವುದು ಏಕೆ? ಕೊಂಡ ಮೂರು ದಿನಗಳೊಳಗೆ ಮನಸ್ಸು ಬದಲಾದರೆ ಹಿಂದಿರುಗಿಸಬಹುದಲ್ಲ.

ಲೆಕ್ಕಿಗ

ಇಲ್ಲ, ದಯವಿಟ್ಟು ಯಾರೂ ಇದನ್ನು ನಂಬಬೇಡಿ. ಎಫ್‌ಟಿಸಿಯ (ಅಮೆರಿಕದ ಫೆಡರಲ್ ವ್ಯಾಪಾರ ಆಯೋಗದ) ಆ ಮೂರು ದಿನದ ನಿಯಮ ಮನೆಬಾಗಿಲಿಗೆ ಬಂದು ಮಾರುವಂಥ ವ್ಯಾಪಾರಗಳಿಗೆ. ಡೀಲರನ ಮಳಿಗೆಗೆ ಹೋಗಿ ಸಹಿ ಮಾಡಿದ್ದಕ್ಕೆ ಅದು ಅನ್ವಯಿಸುವುದಿಲ್ಲ. ಲೆಮನ್ ಕಾನೂನನ್ನೂ (ಪದೇ ಪದೇ ಕೆಡುವ ಹೊಸ ವಾಹನ ಕೊಂಡವರಿಗೆ ರಕ್ಷಣೆ ಕೊಡುವಂಥದ್ದು) ನಂಬಿ ಕೂರಬೇಡಿ. ಎಷ್ಟೋ ರಾಜ್ಯಗಳಲ್ಲಿ ಅದು ಎಳೆಯುವ ಟ್ರೈಲರುಗಳನ್ನು ಒಳಗೊಳ್ಳುವುದಿಲ್ಲ. ಮುಂಗಡ ಕೊಡುವುದಾದರೆ ‘ಹಿಂದಿರುಗಿಸತಕ್ಕದ್ದು’ ಎಂದು ಬರೆಸಿಕೊಂಡು ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ.

ಬಯಲುಸೀಮೆ

ಬೆಲೆ ಒಪ್ಪಿದ ಮೇಲೆ ಹಣಕಾಸಿನ ಕೋಣೆಗೆ ಕರೆದೊಯ್ಯುತ್ತಾರೆ, ನಿಜವಾದ ಚೌಕಾಸಿ ನಡೆಯುವುದು ಅಲ್ಲಿ. ಅಲ್ಲಿ ವಿಸ್ತರಿತ ವಾರಂಟಿ, ಟೈರ್ ರಕ್ಷಣೆ, ಬಟ್ಟೆಗೆ ಲೇಪನ, ಬಣ್ಣಕ್ಕೆ ಲೇಪನ ಎಂದು ಒಂದೊಂದಾಗಿ ಬರುತ್ತವೆ. ‘ತಿಂಗಳಿಗೆ 20 ಡಾಲರ್ ಅಷ್ಟೇ’ ಎನ್ನುತ್ತಾರೆ. ಲೇಪನಗಳಿಗೆ ಬೇಡವೆಂದೇ ಹೇಳಿ. ವಾರಂಟಿ ಬೇಕೆನಿಸಿದರೆ ಅದರ ಬೆಲೆಗೂ ಚೌಕಾಸಿ ನಡೆಯುತ್ತದೆ, ಆ ದಿನವೇ ಕೊಳ್ಳಬೇಕೆಂದೂ ಇಲ್ಲ.

ತುಂಗಾತೀರ

ಮೂರು ವಾರವಾಯಿತು, ಏನಾಯಿತೆಂದು ಹೇಳಬೇಕು. 28 ಅಡಿಯದನ್ನು ಕೈಬಿಟ್ಟೆವು. ಡೀಲರ್ ಭಾನುವಾರದ ನಂತರವೂ ಮೂರು ಸಲ ಫೋನ್ ಮಾಡಿದರು, ಕೊನೆಯ ಸಲ 40,500ಕ್ಕೆ ಬಂದಿದ್ದರು!

ಹೇಮಾವತಿ ಅವರು ಹೇಳಿದಂತೆ ಅವಳಿ ಮಾಡೆಲ್‌ಗಳನ್ನೂ ಸೇರಿಸಿ, ಹಲವು ಡೀಲರುಗಳಿಗೆ ಒಂದೇ ಇಮೇಲ್ ಕಳಿಸಿ ಅಂತಿಮ ಬೆಲೆ ಮಾತ್ರ ಕೇಳಿದೆವು. ಕೆಲವರು ‘ಬನ್ನಿ, ಕುಳಿತು ಮಾತಾಡೋಣ’ ಎಂದು ಬೆಲೆ ಹೇಳದೆ ತಪ್ಪಿಸಿಕೊಂಡರು, ಅವರನ್ನು ಬಿಟ್ಟೆವು. 22 ಅಡಿಯ, 5,000 ಪೌಂಡಿನ, ಬಂಕ್ ಹಾಸಿಗೆ ಇರುವ ಹಿಂದಿನ ಮಾಡೆಲ್ ವರ್ಷದ ಹೊಸ ಟ್ರೈಲರ್ ಸಿಕ್ಕಿದೆ. ಎಂಎಸ್‌ಆರ್‌ಪಿ 34,000. ಟೆನೆಸಿಯ ಡೀಲರ್ ಎಲ್ಲ ಶುಲ್ಕ ಸೇರಿ, ತೆರಿಗೆ ಬಿಟ್ಟು, 25,200 ಎಂದು ಬರೆದು ಕೊಟ್ಟರು. ಅದನ್ನು ತೋರಿಸಿದಾಗ ನಮ್ಮೂರಿನ ಇನ್ನೊಬ್ಬ ಡೀಲರ್ 25,900ಕ್ಕೆ ಒಪ್ಪಿದರು. ಕಪಿಲಾ ಅವರ ಮಾತಿನಂತೆ 700 ಹೆಚ್ಚು ಕೊಟ್ಟು ಊರಿನಲ್ಲೇ ಕೊಳ್ಳುತ್ತಿದ್ದೇವೆ. ಕ್ರೆಡಿಟ್ ಯೂನಿಯನ್‌ನಿಂದ 20,000ವನ್ನು 10 ವರ್ಷಕ್ಕೆ 8 ಶೇಕಡಾ ದರದಲ್ಲಿ ತೆಗೆದುಕೊಂಡರೆ ಕಂತು 243.

ಗಾಲಿಮನೆ

ಎಲ್ಲ ಶುಲ್ಕ ಸೇರಿ ಸುಮಾರು 24 ಶೇಕಡಾ ಇಳಿದಿದೆ. ಚೆನ್ನಾಗಿ ಮಾತಾಡಿದ್ದೀರಿ. ಆ 700ಕ್ಕೆ ಹಿಚ್ ಅಳವಡಿಕೆಯ ಕೂಲಿಯನ್ನಾದರೂ ಬಿಡಲು ಕೇಳಿ, ಕೊಸರು ಕೇಳದೆ ಬರಬೇಡಿ.

ಲೆಕ್ಕಿಗ

ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡ ಇಲ್ಲವೆಂದು ಒಪ್ಪಂದದಲ್ಲಿ ಓದಿಕೊಳ್ಳಿ. ಹಾಸಿಗೆ, ಅಡುಗೆ, ಶೌಚಾಲಯ ಮೂರೂ ಇರುವ ಟ್ರೈಲರನ್ನು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಎರಡನೆಯ ಮನೆ ಎಂದು ಪರಿಗಣಿಸಬಲ್ಲದು. ನೀವು ವಿನಾಯಿತಿಗಳನ್ನು ಬಿಡಿಬಿಡಿಯಾಗಿ ತೋರಿಸುವವರಾದರೆ, ಸಾಲಕ್ಕೆ ಆ ಟ್ರೈಲರೇ ಅಡಮಾನವಾಗಿದ್ದರೆ, ಬಡ್ಡಿಗೆ ತೆರಿಗೆ ವಿನಾಯಿತಿ ಸಿಗುತ್ತದೆಯೇ ಎಂದು ನಿಮ್ಮ ತೆರಿಗೆ ಸಲಹೆಗಾರರನ್ನು ಕೇಳಿ.

ಹಳೇಬೇರು

ಟ್ರೈಲರ್ ಯಾವಾಗ ಕೈಗೆ ಬರುತ್ತದೆ? ಪರೀಕ್ಷೆ ಮುಗಿಯದೆ ಸಹಿ ಮಾಡಬೇಡಿ, ಹಣ ಕೊಡಬೇಡಿ. ಹಣ ಕೈಸೇರಿದ ಮೇಲೆ ನಿಮ್ಮ ಕೆಲಸ ಸಾಲಿನ ಕೊನೆಗೆ ಹೋಗುತ್ತದೆ. ಒಲೆ, ಹೀಟರ್, ಎಸಿ, ಬಿಸಿನೀರು, ಸ್ಲೈಡ್-ಔಟ್ (ಹೊರಗೆ ಸರಿಯುವ ಗೋಡೆಯ ಭಾಗ), ಹೊರಗಿನ ನೆರಳಿನ ಚಪ್ಪರ, ಪ್ರತಿ ಸ್ವಿಚ್ಚು, ಪ್ರತಿ ಬೀಗ ನೀವೇ ಹಾಕಿ ತೆಗೆದು ನೋಡಿ. ಗ್ಯಾಸಿನ ಫ್ರಿಜ್ ಆದರೆ ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಹಿಂದಿನ ದಿನವೇ ಹಚ್ಚಿಡಲು ಹೇಳಿ.

ತುಂಗಾತೀರ

ನವೆಂಬರ್ ಕೊನೆಗೆ ಬರುತ್ತದೆ. ಚಳಿಗಾಲಕ್ಕೆಂದು ಈಗಲೇ ಕೊಳವೆಗಳಿಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ (ಚಳಿಗೆ ಹೆಪ್ಪುಗಟ್ಟದ ದ್ರವ) ತುಂಬಿಟ್ಟಿದ್ದಾರೆ, ನೀರಿನ ಪರೀಕ್ಷೆಯನ್ನು ವಸಂತದಲ್ಲಿ ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಹಳೇಬೇರು

ಒಪ್ಪಬೇಡಿ. ವಸಂತದಲ್ಲಿ ಸೋರಿದರೆ ‘ಚಳಿಗೆ ನಿಮ್ಮಲ್ಲೇ ಒಡೆದಿದೆ’ ಎನ್ನುತ್ತಾರೆ. ಆಂಟಿಫ್ರೀಜ್ ತೆಗೆದು, ನೀರು ತುಂಬಿ, ಪಂಪ್ ಹಾಕಿ ತೋರಿಸಿ, ಮತ್ತೆ ಅವರ ಖರ್ಚಿನಲ್ಲೇ ಆಂಟಿಫ್ರೀಜ್ ತುಂಬಿಕೊಡಬೇಕು ಎಂದು ಖರೀದಿ ಪತ್ರದಲ್ಲೇ ಬರೆಸಿ.

ಕಪಿಲಾ

ಬರೆದುಕೊಡುತ್ತಾರೆ. ಅರ್ಧ ದಿನದ ಕೆಲಸ, ಅದಕ್ಕಾಗಿ ನವೆಂಬರಿನ ಗಿರಾಕಿಯನ್ನು ಯಾರೂ ಕಳೆದುಕೊಳ್ಳುವುದಿಲ್ಲ. ಸರಿಮಾಡಬೇಕಾದದ್ದು ಏನಾದರೂ ಉಳಿದರೆ ಪಟ್ಟಿ ಮಾಡಿ, ದಿನಾಂಕ ಹಾಕಿ, ವ್ಯವಸ್ಥಾಪಕರ ಸಹಿ ತೆಗೆದುಕೊಳ್ಳಿ.

ತುಂಗಾತೀರ

ಇವತ್ತೇ ಇಮೇಲ್ ಮಾಡುತ್ತೇನೆ. ಹಿಚ್ ಕೂಲಿಯನ್ನೂ ಅದರಲ್ಲೇ ಕೇಳುತ್ತೇನೆ.